ನಳಿಕೆ ಅಲುಗಬಾರದು: ಹಳೆಯ ಬಿಎಸ್‌ಎ ಏರ್ ರೈಫಲ್ ಬಿಚ್ಚಿ ಕಟ್ಟಿದ್ದು

ಲಿವರ್ ಎಳೆದರೆ ಒಳಗೆ ಕರಕರ ಸದ್ದು. ವಾಪಸ್ ಬಿಟ್ಟರೆ ಇನ್ನೊಂದು ಸಲ ಕರಕರ. ಸ್ಪ್ರಿಂಗ್ ತುಂಡಾಗಿದೆ ಅಂತ ಬಿಚ್ಚುವ ಮೊದಲೇ ಗೊತ್ತಾಯಿತು. ಅದಕ್ಕೇ ಬೆಲೆ ಕಡಿಮೆ ಇತ್ತು, ಅದಕ್ಕೇ ನಾನು ಕೊಂಡೆ.

ಇದು ಬಿಎಸ್‌ಎ ಸ್ಟ್ಯಾಂಡರ್ಡ್. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್‌ನಲ್ಲಿ ತಯಾರಾದ ಏರ್ ರೈಫಲ್. ಲಿವರ್ ಎಳೆದರೆ ಒಳಗಿನ ಪಿಸ್ಟನ್ ಹಿಂದಕ್ಕೆ ಹೋಗಿ ಸ್ಪ್ರಿಂಗ್ ಕುಗ್ಗುತ್ತದೆ; ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳಿ, ಆ ಗಾಳಿಯ ಒತ್ತಡಕ್ಕೆ ಗುಂಡು ಹಾರುತ್ತದೆ. ಈಗಿನ ನಮ್ಮ ಮನೆಯಿಂದ ಆ ಜಾಗಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ನಮ್ಮೂರ ಕಡೆ ಬಿಎಸ್‌ಎ ಅಂದರೆ ಸೈಕಲ್ಲು. ನಾನು ಹೈಸ್ಕೂಲಿಗೆ ತುಳಿದದ್ದೂ ಬಿಎಸ್‌ಎ ಎಸ್‌ಎಲ್‌ಆರ್. ಆ ಮೂರಕ್ಷರದ ಪೂರ್ತಿ ಹೆಸರು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಅಂತ ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ ತಿಳಿಯಿತು. 1861ರಲ್ಲಿ ಈ ಊರಿನ ಬಂದೂಕು ಕೆಲಸದವರು ಸೇರಿ ಕಟ್ಟಿದ ಕಂಪನಿ ಅದು. ಸೈಕಲ್ಲು, ಮೋಟರ್‌ಸೈಕಲ್ಲು ಆಮೇಲೆ ಬಂದವು. ನನ್ನ ರೈಫಲ್‌ನ ಸಿಲಿಂಡರ್ ಮೇಲೆ ಮೂರು ಬಂದೂಕು ಒಂದಕ್ಕೊಂದು ಒರಗಿಸಿಟ್ಟ ಗುರುತು ಇನ್ನೂ ಕಾಣುತ್ತದೆ. ಬೆರಳಲ್ಲಿ ಸವರಿದರೆ ಮಾತ್ರ ಸಿಗುತ್ತದೆ, ಅಷ್ಟು ಸವೆದಿದೆ.

ಕೆಲಸ ಶುರು ಮಾಡುವ ಮೊದಲು ಒಮ್ಮೆ ಹೊಡೆದು ನೋಡಿದೆ. ಮುರಿದ ಸ್ಪ್ರಿಂಗ್‌ನಲ್ಲೂ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಹೊರಗೆ ಬಂತು. ವೇಗ ಅಳೆಯುವ ಕ್ರೋನೋಗ್ರಾಫ್ ಮೇಲೆ ಸೆಕೆಂಡಿಗೆ 330 ಅಡಿ. ಮುಂದಿನದು 285. ಅದರ ಮುಂದಿನದು 340. ವೇಗ ಕಡಿಮೆ ಇದ್ದದ್ದಕ್ಕೆ ನನಗೆ ಬೇಜಾರಿರಲಿಲ್ಲ. ಒಂದೊಂದು ಸಲಕ್ಕೆ ಒಂದೊಂದು ಥರ ಬಂದದ್ದು ಚಿಂತೆಯಾಯಿತು. ಸ್ಪ್ರಿಂಗ್ ಮುರಿದರೆ ವೇಗ ಇಳಿಯುತ್ತದೆ. ಆದರೆ ಇಷ್ಟು ಏರಿಳಿತ ಇದ್ದರೆ ಗಾಳಿಯೂ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಬಿಚ್ಚಿದ ಶನಿವಾರ

ಈ ರೈಫಲ್‌ನಲ್ಲಿ ಟ್ರಿಗರ್ ಬ್ಲಾಕ್ ಸಿಲಿಂಡರ್‌ನ ಹಿಂಭಾಗಕ್ಕೆ ಥ್ರೆಡ್ ಮೇಲೆ ಕೂತಿದೆ. ಮರದ ಹಿಡಿ ಆ ಬ್ಲಾಕಿಗೆ ಸೇರಿಕೊಂಡಿದೆ. ತಡೆ ಸ್ಕ್ರೂ ತೆಗೆದು ತಿರುಗಿಸಿದರೆ ಹಿಡಿ, ಟ್ರಿಗರ್ ಎಲ್ಲ ಒಟ್ಟಿಗೆ ಬಿಚ್ಚಿಕೊಂಡು ಬರುತ್ತದೆ. ಒಂದು ಬಾಟಲಿ ಮುಚ್ಚಳ ತೆಗೆದ ಹಾಗೆ. ಆದರೆ ಮುಚ್ಚಳದ ಹಿಂದೆ ಸ್ಪ್ರಿಂಗ್ ತಳ್ಳುತ್ತಾ ಇರುತ್ತದೆ ಅನ್ನುವುದನ್ನು ಮರೆಯಬಾರದು. ಮೊದಲು ನಳಿಕೆಯಲ್ಲಿ, ಅದರ ಹಿಂದೆ ಪೆಲೆಟ್ ಹಾಕುವ ಟ್ಯಾಪ್‌ನಲ್ಲಿ ಪೆಲೆಟ್ ಇಲ್ಲ, ಲಿವರ್ ಎಳೆದ ಸ್ಥಿತಿಯಲ್ಲಿಲ್ಲ ಅಂತ ಖಚಿತ ಮಾಡಿಕೊಂಡೆ. ಆಮೇಲೆ ಕ್ಲಾಂಪ್ ಹಾಕಿ, ಕೊನೆಯ ಸುತ್ತುಗಳನ್ನು ಕ್ಲಾಂಪ್‌ನ ಹಿಡಿತದಲ್ಲೇ ಬಿಟ್ಟೆ. ಸ್ಪ್ರಿಂಗ್ ಎದುರು ಮುಖ ಇಟ್ಟು ಕೆಲಸ ಮಾಡಬೇಡಿ.

ಸ್ಕ್ರೂ ಬಗ್ಗೆ ಒಂದು ಮಾತು. ಹಿಂದಿನ ಯಾರೋ ಅಳತೆ ಸರಿಯಿಲ್ಲದ ಸ್ಕ್ರೂ ಡ್ರೈವರ್ ಹಾಕಿ ತಲೆಯ ಗೀರು ಅಗಲ ಮಾಡಿದ್ದರು. ನಮ್ಮಪ್ಪ ಬೆಂಗಳೂರಿನ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದವರು. ಸ್ಕ್ರೂ ಡ್ರೈವರ್‌ನ ಬಾಯಿಯನ್ನು ಪ್ರತಿ ಸ್ಕ್ರೂಗೂ ಕಲ್ಲಿನಲ್ಲಿ ತೀಡಿ ಹೊಂದಿಸಿಕೊಳ್ಳುತ್ತಿದ್ದರು. ನಾನೂ ಹಾಗೇ ಮಾಡಿದೆ. ತೀಡುವುದಕ್ಕೆ ಹತ್ತು ನಿಮಿಷ. ತಡೆ ಸ್ಕ್ರೂಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದೆ, ಒಂದೇ ಒತ್ತಿಗೆ ಬಂತು. ಈ ಕಾಲದ ರೈಫಲ್‌ನ ಸ್ಕ್ರೂಗಳು ಮೆಟ್ರಿಕ್ ಅಲ್ಲ. ಹಾಳಾದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಲೇತ್ ಮೇಲೆ ಕೂತು ಹೊಸದು ಮಾಡಬೇಕು.

ಸ್ಪ್ರಿಂಗ್ ಎರಡು ತುಂಡಾಗಿ, ಒಂದರ ಸುತ್ತು ಇನ್ನೊಂದರೊಳಗೆ ಹೊಕ್ಕು ಕೂತಿತ್ತು. ಕರಕರ ಸದ್ದು ಅದರದ್ದೇ. ಪಿಸ್ಟನ್ ತುದಿಯ ಚರ್ಮದ ವಾಷರ್ ಒಣಗಿ ಹಪ್ಪಳ ಆಗಿತ್ತು. ಉಗುರು ತಾಗಿಸಿದರೆ ಪುಡಿ ಉದುರಿತು. ಇಷ್ಟು ವರ್ಷದ ಗ್ರೀಸು ಕಪ್ಪಗೆ ಮೇಣದ ಹಾಗೆ ಗಟ್ಟಿಯಾಗಿತ್ತು. ಸಿಲಿಂಡರ್ ಒಳಗೆ ಬಟ್ಟೆ ಸುತ್ತಿದ ಕೋಲು ಆಡಿಸಿ, ಟಾರ್ಚ್ ಬಿಟ್ಟು ನೋಡಿದೆ. ಉದ್ದಕ್ಕೆ ಒಂದೇ ಒಂದು ಗೀರು. ಉಳಿದದ್ದು ಕನ್ನಡಿ. ಅಲ್ಲಿಗೆ ನನಗೆ ಧೈರ್ಯ ಬಂತು. ಸ್ಪ್ರಿಂಗ್ ಕೊಳ್ಳಬಹುದು, ವಾಷರ್ ಮಾಡಬಹುದು. ಸಿಲಿಂಡರ್ ಹೋದರೆ ಎಲ್ಲಾ ಹೋದಂತೆ.

ನಳಿಕೆ ಯಾಕೆ ಗಟ್ಟಿ ಕೂತಿದೆ

ಮೇಜಿನ ಮೇಲೆ ಎಲ್ಲ ಹರಡಿಕೊಂಡು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ನಳಿಕೆಯನ್ನು ನಾನು ಬಿಚ್ಚಲೇ ಇಲ್ಲ. ಬಿಚ್ಚಬೇಕಾಗಲೂ ಇಲ್ಲ. ಅದು ಸಿಲಿಂಡರ್‌ಗೆ ಒಂದೇ ಮೈಯಾಗಿ ಕೂತಿದೆ. ಈ ರೈಫಲ್ ಹುಟ್ಟಿದ್ದೇ ಅದಕ್ಕೆ.

ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಹೊಡೆಯುವ ಅಂಗಡಿ ನೋಡಿರುತ್ತೀರಿ ಅಲ್ವಾ? ಅಲ್ಲಿನ ಏರ್‌ಗನ್ ನಡುವಿನಲ್ಲಿ ಮಡಚುತ್ತದೆ. ನಳಿಕೆಯನ್ನೇ ಕೆಳಕ್ಕೆ ಬಗ್ಗಿಸಿದರೆ ಸ್ಪ್ರಿಂಗ್ ಹಿಂದಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಛರ್ರೆ ಹಾಕಿ ಮತ್ತೆ ಮುಚ್ಚುತ್ತಾರೆ. ಸುಲಭ, ಅಗ್ಗ. ಆದರೆ ಕಣ್ಣಿಟ್ಟು ನೋಡುವ ಗುರಿ ಕಟ್ಟು ನಳಿಕೆಯ ಮೇಲೆ ಒಂದು, ಸಿಲಿಂಡರ್ ಮೇಲೆ ಒಂದು. ನಡುವೆ ಬಾಗಿಲ ಕೀಲಿನಂಥ ಜೋಡಣೆ. ಸಾವಿರ ಸಲ ಮಡಚಿದ ಮೇಲೆ ಕೀಲು ಸವೆದು ನಳಿಕೆ ಕೂದಲೆಳೆಯಷ್ಟು ಅಲುಗುತ್ತದೆ. ನೀವು ಎಷ್ಟೇ ನೆಟ್ಟಗೆ ಹಿಡಿದರೂ ಬಲೂನು ತಪ್ಪುವುದು ಅದಕ್ಕೇ.

1900ರ ಸುಮಾರಿಗೆ ಇಂಗ್ಲೆಂಡಿಗೆ ಜರ್ಮನಿಯಿಂದ ಬರುತ್ತಿದ್ದ ಏರ್‌ಗನ್‌ಗಳು ಹೆಚ್ಚಿನವು ಇಂಥವೇ. ಬರ್ಮಿಂಗ್‌ಹ್ಯಾಮ್‌ನ ಸ್ಟೀಲ್‌ಹೌಸ್ ಲೇನ್‌ನಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ಲಿಂಕನ್ ಜೆಫ್ರೀಸ್ ಎಂಬಾತನಿಗೆ ಇದು ಒಗ್ಗಲಿಲ್ಲ. ಆತ 1904ರಲ್ಲಿ ಪೇಟೆಂಟ್‌ಗೆ ಹಾಕಿದ ನಕ್ಷೆಯಲ್ಲಿ ನಳಿಕೆ ಅಲುಗುವುದೇ ಇಲ್ಲ. ಸ್ಪ್ರಿಂಗ್ ಎಳೆಯಲು ನಳಿಕೆಯ ಅಡಿಯಲ್ಲಿ ಬೇರೆಯೇ ಲಿವರ್. ಪೆಲೆಟ್ ಹಾಕಲು ನಳಿಕೆಯ ಹಿಂದೆ ಒಂದು ಟ್ಯಾಪ್. ನೀರಿನ ಹಳೆಯ ಹಿತ್ತಾಳೆ ನಲ್ಲಿ ನೆನಪಿಸಿಕೊಳ್ಳಿ. ಒಳಗೆ ಶಂಕುವಿನಾಕಾರದ ಬಿರಡೆ, ಅದರಲ್ಲಿ ಅಡ್ಡ ತೂತು. ಹಿಡಿ ತಿರುಗಿಸಿದರೆ ತೂತು ಮೇಲಕ್ಕೆ ಬರುತ್ತದೆ, ಪೆಲೆಟ್ ಉದುರಿಸುತ್ತೀರಿ. ವಾಪಸ್ ತಿರುಗಿಸಿದರೆ ತೂತು ನಳಿಕೆಯ ನೇರಕ್ಕೆ ಬಂದು ನಿಲ್ಲುತ್ತದೆ.

ಬಿಎಸ್‌ಎಗೆ ಆಗ ಕೆಲಸ ಬೇಕಿತ್ತು. ಬೋಯರ್ ಯುದ್ಧ 1902ರಲ್ಲಿ ಮುಗಿದು ಸೈನ್ಯದ ಆರ್ಡರ್ ಇಳಿದಿತ್ತು. 1905ರಲ್ಲಿ ಜೆಫ್ರೀಸ್‌ನ ರೈಫಲ್ ಸ್ಮಾಲ್ ಹೀತ್ ಕಾರ್ಖಾನೆಯಿಂದ ಹೊರಬಂತು. ಸೈನ್ಯದ ಬಂದೂಕು ಮಾಡುವ ಯಂತ್ರ, ಅಳತೆ, ಕೆಲಸಗಾರರ ಕೈ ಎಲ್ಲ ಒಂದು ಏರ್‌ಗನ್‌ಗೆ ಸಿಕ್ಕಿದ್ದು ಹೀಗೆ. ನನ್ನ ಮೇಜಿನ ಮೇಲಿರುವ ರೈಫಲ್ ಅದರ ನೇರ ವಂಶ. ಇಷ್ಟು ವರ್ಷದಲ್ಲಿ ನಳಿಕೆ ಮಾತ್ರ ಇದ್ದಲ್ಲೇ ಇದೆ.

ಈ ಊರಿನ ಪಬ್‌ಗಳಲ್ಲಿ ಬೆಲ್ ಟಾರ್ಗೆಟ್ ಅಂತ ಒಂದು ಆಟ ಬೆಳೆದದ್ದು ಇಂಥ ರೈಫಲ್‌ಗಳಿಂದ. ಆರು ಗಜ ದೂರದಲ್ಲಿ ಕಬ್ಬಿಣದ ತಟ್ಟೆ. ಅದರ ನಡುವೆ ಒಂದು ಇಂಚಿನ ಎಂಟನೇ ಮೂರು ಭಾಗದಷ್ಟು ತೂತು, ಅಂದರೆ ಒಂಬತ್ತೂವರೆ ಮಿಲಿಮೀಟರ್. ಪೆಲೆಟ್ ತೂತಿನೊಳಗೆ ಹೋದರೆ ಹಿಂದಿನ ಗಂಟೆ ಠಣ್ ಅನ್ನುತ್ತದೆ. ಆರು ಗಜ ಅಂದರೆ ಏನು ಮಹಾ ಅನ್ನಿಸಬಹುದು. ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ ಹೊಡೆದು ನೋಡಿ. ನಮ್ಮ ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿ ಹೊಡೆಯುವಾಗ ಸುತ್ತಲೂ ನಿಂತವರು ಉಸಿರು ಹಿಡಿಯುತ್ತಾರಲ್ಲ, ಗಂಟೆ ಬಾರಿಸುವ ಮೊದಲು ಇಲ್ಲಿಯೂ ಅದೇ ಮೌನ.

ವಾಷರ್

ಸೀಮೆಎಣ್ಣೆಯ ಪಂಪ್ ಸ್ಟವ್ ಬಳಸಿದವರಿಗೆ ಈ ವಾಷರ್ ಹೊಸದಲ್ಲ. ಪಂಪ್ ಒತ್ತಿದರೆ ಗಾಳಿ ಹಿಡಿಯದಿದ್ದಾಗ ಅಮ್ಮ ಚರ್ಮದ ವಾಷರ್ ಹೊರತೆಗೆದು, ಅಂಚು ಅಗಲಿಸಿ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಮತ್ತೆ ಹಾಕುತ್ತಿದ್ದರು. ಇಲ್ಲಿಯೂ ಅದೇ ಬಟ್ಟಲಿನ ಆಕಾರ, ಅದೇ ಕೆಲಸ. ಗಾಳಿಯ ಒತ್ತಡ ಬಂದಾಗ ಬಟ್ಟಲಿನ ಅಂಚು ಅಗಲವಾಗಿ ಸಿಲಿಂಡರ್ ಗೋಡೆಗೆ ಅಂಟುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಬಿಗಿ ಜಾಸ್ತಿ.

ಮೂರು ಮಿಲಿಮೀಟರ್ ದಪ್ಪದ ಗಟ್ಟಿ ಚರ್ಮ ತಂದೆ. ಬೆಲ್ಟ್ ಮಾಡುವಂಥದ್ದು, ಮೆತ್ತನೆಯ ಬ್ಯಾಗ್ ಚರ್ಮ ಆಗುವುದಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸಿದೆ. ಕುದಿಯುವ ನೀರು ಹಾಕಿದರೆ ಚರ್ಮ ಮುದುರಿ ಹಾಳು. ಅಷ್ಟರಲ್ಲಿ ಲೇತ್ ಮೇಲೆ ಸಿಲಿಂಡರ್‌ನ ಒಳ ಅಳತೆಗೆ ಸರಿಯಾಗಿ ಒಂದು ಅಲ್ಯೂಮಿನಿಯಂ ಬಳೆ ತೆಗೆದೆ. ಅದರೊಳಗೆ ಹೋಗುವ ಒಂದು ದುಂಡನೆಯ ಒತ್ತು ತುಂಡು, ಸುತ್ತಲೂ ಚರ್ಮದ ದಪ್ಪಕ್ಕಿಂತ ಸ್ವಲ್ಪ ಕಡಿಮೆ ಜಾಗ ಬಿಟ್ಟು. ಒದ್ದೆ ಚರ್ಮವನ್ನು ನಡುವೆ ಇಟ್ಟು ವೈಸ್‌ನಲ್ಲಿ ನಿಧಾನಕ್ಕೆ ಒತ್ತಿದೆ. ಮೊದಲನೆಯದು ಒಂದು ಬದಿಗೆ ಜಾರಿ ಅಂಚು ಓರೆಯಾಯಿತು, ಎಸೆದೆ. ಎರಡನೆಯದಕ್ಕೆ ನಡುವೆ ಮೊದಲೇ ತೂತು ಹೊಡೆದು, ಒಂದು ಮೊಳೆ ಹಿಡಿದುಕೊಳ್ಳುವಂತೆ ಮಾಡಿದೆ. ನೆಟ್ಟಗೆ ಕೂತಿತು. ಎರಡು ದಿನ ವೈಸ್‌ನಲ್ಲೇ ಒಣಗಲು ಬಿಟ್ಟೆ.

ಹೊರತೆಗೆದು ಹರಿತವಾದ ಬ್ಲೇಡಿನಲ್ಲಿ ಅಂಚು ಸಮ ಮಾಡಿದೆ. ಒಳಬದಿಯ ಅಂಚನ್ನು ಓರೆಯಾಗಿ ಕೆತ್ತಿದೆ, ತುಟಿ ತೆಳ್ಳಗೆ ಆಗುವ ಹಾಗೆ. ಇದೇ ಮುಖ್ಯ. ದಪ್ಪ ತುಟಿ ಅಗಲವಾಗುವುದಿಲ್ಲ. ಆಮೇಲೆ ಚರ್ಮಕ್ಕೆ ಹಾಕುವ ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿದೆ.

ವಾಷರ್ ಒಣಗುವ ಎರಡು ದಿನ

ಆ ಎರಡು ದಿನ ಕೈ ಸುಮ್ನೆ ಕೂರಲಿಲ್ಲ. ಶೆಡ್ಡಿನಲ್ಲಿರುವ ಇನ್ನೆರಡು ರೈಫಲ್ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಒಂದು ವೆಬ್ಲಿ ಎಂಬ ಇನ್ನೊಂದು ಬಂದೂಕು ಕಂಪನಿಯ ಮಾರ್ಕ್ 3, ಇನ್ನೊಂದು ಬಿಎಸ್‌ಎ ಏರ್‌ಸ್ಪೋರ್ಟರ್.

ಎರಡನೇ ಯುದ್ಧ ಬಂದಾಗ ಏರ್‌ಗನ್ ಕೆಲಸ ನಿಂತಿತು. ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ 1940ರ ನವೆಂಬರ್ 19ರ ರಾತ್ರಿ ಬಾಂಬ್ ಬಿತ್ತು. 53 ಕೆಲಸಗಾರರು ಸತ್ತರು. ನನ್ನ ರೈಫಲ್ ಅದಕ್ಕೂ ಮುಂಚಿನದು. ಇದರ ಟ್ಯಾಪನ್ನು ಕೂರಿಸಿದ ಕೈಗಳು ಆ ರಾತ್ರಿ ಎಲ್ಲಿದ್ದವೋ ಅಂತ ಬಿರಡೆ ಉಜ್ಜುವಾಗ ಯೋಚನೆ ಬಂತು.

ಯುದ್ಧ ಮುಗಿದ ಮೇಲೆ ಎರಡೂ ಕಂಪನಿಗಳು ಮತ್ತೆ ಶುರು ಮಾಡಿದವು. ವೆಬ್ಲಿಯವರು ಯುದ್ಧಕ್ಕೆ ಮೊದಲು ಸರ್ವಿಸ್ ಮಾರ್ಕ್ 2 ಅಂತ ಮಾಡುತ್ತಿದ್ದರು. ಅದರ ನಳಿಕೆ ಕಳಚಿ ಬೇರೆ ಅಳತೆಯದು ಹಾಕಬಹುದಿತ್ತು. ಅದನ್ನು ಬಿಟ್ಟು 1947ರಲ್ಲಿ ಮಾರ್ಕ್ 3 ತಂದರು. ಅಲುಗದ ನಳಿಕೆ, ಅಡಿ ಲಿವರ್, ಟ್ಯಾಪ್. ಜೆಫ್ರೀಸ್‌ನ ದಾರಿಯೇ. 1975ರವರೆಗೆ ಅದನ್ನೇ ಮಾಡಿದರು. ಕೈಯಲ್ಲಿ ಹಿಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎಲ್ಲಿಯೂ ಒಂದು ಸಡಿಲ ಇಲ್ಲ.

ಬಿಎಸ್‌ಎ 1948ರಲ್ಲಿ ಏರ್‌ಸ್ಪೋರ್ಟರ್ ತಂದಿತು. ಇದರಲ್ಲಿ ಎರಡು ಬದಲಾವಣೆ ನನಗೆ ತುಂಬಾ ಇಷ್ಟ. ಲಿವರ್ ಮರದ ಹಿಡಿಯೊಳಗೆ ಅಡಗಿಕೊಂಡಿದೆ, ನೋಡಿದರೆ ಕಾಣುವುದೇ ಇಲ್ಲ. ಮತ್ತೆ ಲಿವರ್ ಎಳೆದರೆ ಟ್ಯಾಪ್ ತಾನಾಗಿ ತೆರೆದುಕೊಳ್ಳುತ್ತದೆ. ನನ್ನ ಸ್ಟ್ಯಾಂಡರ್ಡ್‌ನಲ್ಲಿ ಬೆರಳಲ್ಲಿ ತಿರುಗಿಸಬೇಕು. ತಿರುಗಿಸಲು ಮರೆತು ಮುಚ್ಚಿದ ಟ್ಯಾಪ್ ಮೇಲೆ ಪೆಲೆಟ್ ಇಟ್ಟು ತಬ್ಬಿಬ್ಬಾಗುವುದು ಏರ್‌ಸ್ಪೋರ್ಟರ್‌ನಲ್ಲಿ ಇಲ್ಲ.

ಬಿಎಸ್‌ಎಯ ಮಡಚುವ ಮೆಟಿಯೋರ್ 1959ರಲ್ಲಿ ಬಂತು. ಹುಡುಗರ ಕೈಗೆಟುಕುವ ಬೆಲೆಗೆ ಮಡಚುವ ನಳಿಕೆಯೇ ಸರಿ. ಅದನ್ನು ನಾನು ಕೀಳಾಗಿ ನೋಡುವುದಿಲ್ಲ. ಇಲ್ಲಿ ಎಷ್ಟೋ ಜನ ಗುರಿ ಕಲಿತದ್ದು ಅದರಲ್ಲೇ.

ಟ್ಯಾಪ್‌ಗೆ ಒಂದು ಕೊರತೆ ಇದೆ, ಹೇಳಲೇಬೇಕು. ಪಿಸ್ಟನ್ ಒತ್ತಿದ ಗಾಳಿ ಪೆಲೆಟ್ ತಲುಪುವ ಮೊದಲು ಟ್ಯಾಪಿನ ಸುತ್ತಲಿನ ಖಾಲಿ ಜಾಗ ತುಂಬಬೇಕು. ಸಂದಿನಲ್ಲಿ ಸೋರಲೂಬಹುದು. ಪೆಲೆಟ್ ಕೂಡ ಟ್ಯಾಪ್‌ನಿಂದ ನಳಿಕೆಗೆ ಹಾರುವಾಗ ಅಂಚಿಗೆ ತಾಗಬಹುದು. ಬೆರಳಲ್ಲಿ ನಳಿಕೆಯೊಳಕ್ಕೇ ನೆಟ್ಟಗೆ ಒತ್ತಿದ ಪೆಲೆಟ್‌ನ ಹಾಗೆ ಅಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ವೈರೌಖ್ ಕಂಪನಿಯ ಎಚ್‌ಡಬ್ಲ್ಯೂ 77 ಬಂದಾಗ ಈ ಗಂಟು ಬಿಡಿಸಿಕೊಂಡಿತು. ಅದರಲ್ಲಿ ನಳಿಕೆ ಅಲುಗುವುದಿಲ್ಲ, ಲಿವರ್ ಎಳೆದರೆ ಗಾಳಿಯ ಕೊಠಡಿಯೇ ಹಿಂದಕ್ಕೆ ಸರಿದು ನಳಿಕೆಯ ಬಾಯಿ ತೆರೆಯುತ್ತದೆ. ಆಮೇಲೆ ಸಸೆಕ್ಸ್‌ನ ಏರ್ ಆರ್ಮ್ಸ್ ಕಂಪನಿಯವರ ಟಿಎಕ್ಸ್ 200 ಕೂಡ ಅದೇ ದಾರಿ ಹಿಡಿಯಿತು. ಟ್ಯಾಪ್ ಹೋಯಿತು. ಜೆಫ್ರೀಸ್ ಹಿಡಿದ ಹಟ ಉಳಿಯಿತು.

ಟ್ಯಾಪ್

ನನ್ನ ರೈಫಲ್‌ನ ಏರಿಳಿತಕ್ಕೆ ಕಾರಣ ಇಲ್ಲೇ ಇತ್ತು. ಬಿರಡೆ ಹೊರತೆಗೆದು ಅದರ ಮೈಗೆ ತೆಳುವಾಗಿ ನೀಲಿ ಬಣ್ಣ ಬಳಿದು, ವಾಪಸ್ ಕೂರಿಸಿ ಅರ್ಧ ಸುತ್ತು ತಿರುಗಿಸಿ ತೆಗೆದೆ. ಬಣ್ಣ ಅಳಿಸಿದ ಕಡೆ ಮಾತ್ರ ಎರಡೂ ತಾಗುತ್ತಿವೆ ಅಂತ ಲೆಕ್ಕ. ಅಗಲ ತುದಿಯಲ್ಲಿ ಅಳಿಸಿತ್ತು, ಕಿರಿದಾದ ಕಡೆ ಬಣ್ಣ ಹಾಗೇ ಇತ್ತು. ಅಂದರೆ ಒಂದು ಬದಿಯಲ್ಲಿ ಮಾತ್ರ ಹಿಡಿತ.

ಮೊದಲು ಅನ್ನಿಸಿದ್ದು ಎಂಜಿನ್ ವಾಲ್ವ್ ಉಜ್ಜುವ ಪೇಸ್ಟ್ ಹಾಕಿ ಉಜ್ಜೋಣ ಅಂತ. ಹಾಗೆ ಮಾಡಲಿಲ್ಲ, ನೀವೂ ಮಾಡಬೇಡಿ. ಬಿರಡೆ ಶಂಕುವಿನಾಕಾರದ್ದು. ಉಜ್ಜಿದಷ್ಟೂ ಒಳಗೆ ಇಳಿಯುತ್ತದೆ. ಇಳಿದರೆ ಅದರ ಅಡ್ಡ ತೂತು ನಳಿಕೆಯ ನೇರ ತಪ್ಪುತ್ತದೆ. ಆಗ ಗಾಳಿ ಸೋರದೆ ಇರಬಹುದು, ಆದರೆ ಪ್ರತಿ ಪೆಲೆಟ್‌ನ ಒಂದು ಬದಿ ಅಂಚಿಗೆ ಕೆರೆದು ಹೋಗುತ್ತದೆ. ಕಾರ್ಖಾನೆಯಲ್ಲಿ ಒಂದೊಂದು ಬಿರಡೆಯನ್ನೂ ಅದರದೇ ರೈಫಲ್‌ಗೆ ಹೊಂದಿಸಿ ಕೂರಿಸಿದ್ದು. ಇನ್ನೊಂದರದ್ದು ತಂದು ಹಾಕಿದರೂ ಆಗುವುದಿಲ್ಲ.

ಹಿತ್ತಾಳೆ ಪಾತ್ರೆ ಹೊಳಪಿಗೆ ಬಳಸುವ ಬ್ರಾಸ್ಸೊ ಸಾಕಾಯಿತು. ಎರಡು ತೊಟ್ಟು ಹಾಕಿ, ಬೆರಳ ಒತ್ತಡದಲ್ಲೇ ಆಚೆ ಈಚೆ ಇಪ್ಪತ್ತು ಸಲ. ಒರೆಸು, ಬಣ್ಣ ಹಚ್ಚು, ನೋಡು. ಮತ್ತೆ ಇಪ್ಪತ್ತು ಸಲ. ಪ್ರತಿ ಸುತ್ತಿಗೂ ಹಿಂದಿನಿಂದ ಟಾರ್ಚ್ ಬಿಟ್ಟು ನಳಿಕೆಯೊಳಗೆ ನೋಡಿದೆ. ಟ್ಯಾಪಿನ ತೂತು, ನಳಿಕೆಯ ತೂತು ಎರಡೂ ಒಂದೇ ವೃತ್ತವಾಗಿ ಕಾಣಬೇಕು. ಹುಣ್ಣಿಮೆ ಕಳೆದ ಚಂದ್ರನ ಹಾಗೆ ಒಂದು ಬದಿಯಲ್ಲಿ ಕಪ್ಪು ಅಂಚು ಕಂಡರೆ ನಿಲ್ಲಿಸಬೇಕು. ಆರನೇ ಸುತ್ತಿಗೆ ಬಣ್ಣ ಮುಕ್ಕಾಲು ಭಾಗ ಅಳಿಸಿತು. ವೃತ್ತ ಹಾಗೇ ಇತ್ತು. ಅಲ್ಲಿಗೇ ಕೈ ತೆಗೆದೆ.

ಜೋಡಿಸಿದ್ದು, ಆದ ತಪ್ಪು

ಹೊಸ ಸ್ಪ್ರಿಂಗ್ ಹಳೆಯದರ ದಪ್ಪದ್ದೇ ತಂದೆ. ಇನ್ನೂ ಗಟ್ಟಿಯದು ಹಾಕು, ಜೋರಾಗಿ ಹೊಡೆಯುತ್ತದೆ ಅಂತ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪಿಸ್ಟನ್ ಮುಂದಕ್ಕೆ ಹಾರುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಿಗಿಯುತ್ತದೆ. ಪೆಲೆಟ್ ಇನ್ನೂ ನಳಿಕೆಯೊಳಗೆ ಇರುವಾಗಲೇ ಈ ಅಲುಗಾಟ ಶುರುವಾಗಿರುತ್ತದೆ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಒದೆತ ಜಾಸ್ತಿ, ಗುರಿ ಕೆಡುತ್ತದೆ. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದ ಏರ್ ರೈಫಲ್‌ನ ಶಕ್ತಿಗೆ 12 ಫುಟ್ ಪೌಂಡ್ ಮಿತಿ ಕೂಡ ಇದೆ. ಫುಟ್ ಪೌಂಡ್ ಅಂದರೆ ಹಾರುವ ಪೆಲೆಟ್‌ನ ಶಕ್ತಿಯ ಅಳತೆ. ಈ ಹಳೆಯ ಯಂತ್ರಕ್ಕೆ ಅಲ್ಲಿವರೆಗೆ ಹೋಗುವ ಅಗತ್ಯವೇ ಇಲ್ಲ.

ಟ್ರಿಗರ್ ಮುಟ್ಟಲಿಲ್ಲ. ಪಿಸ್ಟನ್ ಹಿಡಿಯುವ ಕೊಕ್ಕೆಯ ಅಂಚು ಸರಿ ಇತ್ತು. ಅದಕ್ಕೆ ಅರ ಹಾಕಿದರೆ ತಾನಾಗಿ ಸಿಡಿಯುವ ಅಪಾಯ ಇದೆ.

ಮೊದಲ ಹೊಡೆತಕ್ಕೆ ಪಟಾರ್ ಅಂತ ಸದ್ದಾಗಿ ನಳಿಕೆಯಿಂದ ನೀಲಿ ಹೊಗೆ ಬಂತು. ವಾಷರ್‌ನಲ್ಲಿ ಎಣ್ಣೆ ಜಾಸ್ತಿ ಇತ್ತು. ಗಾಳಿ ಒಮ್ಮೆಲೇ ಒತ್ತಿದಾಗ ಬಿಸಿಯಾಗಿ ಎಣ್ಣೆಯ ಹಬೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ನಿನ ಹಾಗೆ. ಮುಳುಗಿಸಿ ತೆಗೆದ ಮೇಲೆ ವಾಷರನ್ನು ಹಿಂಡಿ ಒರೆಸಬೇಕಿತ್ತು, ಆ ಕೆಲಸ ನಾನು ಬಿಟ್ಟಿದ್ದೆ. ಹೊಸ ಸ್ಪ್ರಿಂಗ್‌ಗೆ ಇದು ಒಳ್ಳೆಯದಲ್ಲ. ಮತ್ತೆ ಪೂರ್ತಿ ಬಿಚ್ಚಿ, ವಾಷರನ್ನು ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ, ಒಂದು ರಾತ್ರಿ ಕಾಗದದ ಮೇಲಿಟ್ಟೆ.

ಆಮೇಲೆ ಟ್ಯಾಪಿನ ಪಕ್ಕ ತೆಳುವಾದ ಟಿಶ್ಯೂ ಕಾಗದ ಅಂಟಿಸಿ ಹೊಡೆದೆ. ಮೊದಲಾದರೆ ಕಾಗದ ಹಾರುತ್ತಿತ್ತು. ಈ ಸಲ ಅಂಚು ಮಾತ್ರ ನಡುಗಿತು. ಕ್ರೋನೋಗ್ರಾಫ್‌ನಲ್ಲಿ 14.5 ಗ್ರೇನ್ (ಒಂದು ಗ್ರಾಮ್‌ಗಿಂತ ಕೊಂಚ ಕಡಿಮೆ) ತೂಕದ ಪೆಲೆಟ್‌ಗೆ 478, 483, 480, 476, 481. ಹೆಚ್ಚು ಕಡಿಮೆ ಏಳೂವರೆ ಫುಟ್ ಪೌಂಡ್. ನನಗೆ ಬೇಕಾಗಿದ್ದದ್ದು ಆ ಐದು ಅಂಕಿಗಳ ನಡುವಿನ ಸಣ್ಣ ಅಂತರ.

ಪೆಲೆಟ್ ಹುಡುಕುವುದು ಇನ್ನೊಂದು ಕೆಲಸ. ಈಗಿನ .22 ಪೆಲೆಟ್ 5.5 ಮಿಲಿಮೀಟರ್. ಹಳೆಯ ಬ್ರಿಟಿಷ್ ನಳಿಕೆಗಳಿಗೆ ಅದು ಸಡಿಲ, 5.6 ಒಪ್ಪುತ್ತದೆ. ಎಲೀ ವಾಸ್ಪ್ ಎಂಬುದು ಆ ಅಳತೆಗೆ ಹೆಸರಾಗಿತ್ತು. ಹಳೆಯ ಡಬ್ಬಿಯೊಂದು ನನ್ನ ಬಳಿ ಇದೆ, ಅದರಲ್ಲಿ ಅರ್ಧ ಉಳಿದಿದೆ.

ಮರದ ಹಿಡಿಗೆ ಹೆಚ್ಚೇನೂ ಮಾಡಲಿಲ್ಲ. ತಗ್ಗಾದ ಎರಡು ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ತಾಗಿಸಿದೆ. ಹಬೆಗೆ ಮರ ಉಬ್ಬಿ ಸಮವಾಯಿತು. ಅಗಸೆ ಎಣ್ಣೆ ಮೂರು ಸಲ. ಕಬ್ಬಿಣದ ಮೇಲಿನ ಕಂದು ಬಣ್ಣವನ್ನು ಹಾಗೇ ಬಿಟ್ಟೆ. ಅಷ್ಟು ಜನರ ಕೈ ಹಿಡಿದು ಬಂದ ಬಣ್ಣ ಅದು.

ನಿನ್ನೆ ಗ್ಯಾರೇಜಿನಲ್ಲಿ ಆರು ಗಜ ಅಳೆದು, ಒಂಬತ್ತೂವರೆ ಮಿಲಿಮೀಟರ್ ತೂತು ಕೊರೆದ ತಟ್ಟೆ ನಿಲ್ಲಿಸಿದೆ. ಗಂಟೆ ಇರಲಿಲ್ಲ. ಅಮ್ಮ ಊರಿಂದ ಬರುವಾಗ ತಂದಿದ್ದ ಹಿತ್ತಾಳೆಯ ಚೊಂಬು ಒಂದನ್ನು ಹಿಂದೆ ನೇತು ಹಾಕೋಣ ಅಂದುಕೊಂಡು, ಮನಸ್ಸು ಬರದೆ ಒಂದು ಉಕ್ಕಿನ ತುಂಡು ಕಟ್ಟಿದೆ. ಹತ್ತು ಹೊಡೆತದಲ್ಲಿ ಏಳು ಸಲ ಠಣ್ ಅಂತು. ತಪ್ಪಿದ ಮೂರರ ಗುರುತೂ ತೂತಿನ ಎಡ ಅಂಚಿನಲ್ಲೇ, ಒಂದರ ಪಕ್ಕ ಒಂದು ಇವೆ. ಹಿಂದಿನ ಗುರಿ ಕಟ್ಟನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಬೇಕು. ಅದು ಈ ಶನಿವಾರದ ಕೆಲಸ. ಏರ್‌ಸ್ಪೋರ್ಟರ್‌ನ ಟ್ಯಾಪ್ ಅರ್ಧಕ್ಕೇ ತೆರೆದು ನಿಲ್ಲುತ್ತಿದೆ, ಅದು ಮುಂದಿನ ವಾರಕ್ಕೆ.